ಗಂಧದ ಸಸಿ ತರುವ ಮೊದಲು ಪಹಣಿಯ ಬಗ್ಗೆ ಯೋಚಿಸಿ

ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ಕಂಡ ಕೂಡಲೇ ಕಿತ್ತೆಸೆಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ಇತ್ತು. ಅದಕ್ಕೆ ರೈತರನ್ನು ದೂರುವಂತಿಲ್ಲ. 1792ರಲ್ಲಿ ಟಿಪ್ಪು ಇದನ್ನು ರಾಜಮರವೆಂದು ಸಾರಿದ. ಮುಂದೆ ಮೈಸೂರು ಅರಸರ ಕಾಲಕ್ಕೂ, ಸ್ವಾತಂತ್ರ್ಯದ ನಂತರವೂ ಅದೇ ನಡೆಯಿತು. ಜಮೀನು ರೈತನದು, ಮರ ಸರ್ಕಾರದ್ದು; ಕಳವಾದರೆ ಉತ್ತರ ಹೇಳಬೇಕಾದವನು ರೈತ. ಹಕ್ಕಿ ಉದುರಿಸಿದ ಬೀಜದಿಂದ ಕೇಸು ಮೈಮೇಲೆ ಬರುವುದಾದರೆ ಯಾರು ಸಾಕುತ್ತಾರೆ?

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಪಟ್ಟಾ ಜಮೀನಿನ ಗಂಧ ಆ ಜಮೀನಿನವರದ್ದೇ ಆಯಿತು. ಹಾಗೆಂದು ನಮಗೆ ಬೇಕಾದಾಗ ಕೊಡಲಿ ಹಾಕುವಂತಿಲ್ಲ. ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ಪಾಸ್ ಬೇಕೇ ಬೇಕು. ಗೋಮಾಳದ ಮರಕ್ಕೆ ಈ ಹಕ್ಕು ಅನ್ವಯಿಸುವುದಿಲ್ಲ.

ಹಾಗಾಗಿ ಮೊದಲ ಕೆಲಸ ದಾಖಲೆ. ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು ಮರಗಳ ಸಂಖ್ಯೆಯನ್ನು ಪಹಣಿಗೆ ಹತ್ತಿಸಿ. ವರ್ಷಕ್ಕೊಮ್ಮೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ, ಸುತ್ತಳತೆ ಬರೆದು, ಫೋಟೊ ತೆಗೆದಿಡಿ. ಅಳತೆಯೇ ಇಲ್ಲದ ಮರ ಕಳವಾದಾಗ ಅಷ್ಟು ದಪ್ಪ ಇತ್ತು ಎಂದು ಸಾಬೀತು ಮಾಡುವುದು ಕಷ್ಟ.

ಗಿಡದ ಸ್ವಭಾವ ತಿಳಿಯದೆ ಕೈಸುಟ್ಟುಕೊಂಡವರೇ ಹೆಚ್ಚು. ಗಂಧ ಅರೆ ಪರಾವಲಂಬಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಗಿಯ ಪುಟ್ಟ ಗುಂಡಿಯಂತೆ ಅಂಟಿಕೊಂಡು ನೀರು, ಪೋಷಕಾಂಶ ಹೀರುತ್ತದೆ. ಒಂಟಿಯಾಗಿ ನೆಟ್ಟ ಸಸಿ ಒಂದಷ್ಟು ಕಾಲ ಹಸಿರಾಗಿದ್ದು, ನಂತರ ಎಲೆ ಹಳದಿಯಾಗಿ ಸೊರಗುತ್ತದೆ. ಜನ ಗೊಬ್ಬರ ಸುರಿಯುತ್ತಾರೆ, ಪ್ರಯೋಜನ ಇಲ್ಲ. ನೆಡುವಾಗಲೇ ಒಂದಡಿ ದೂರದಲ್ಲಿ ತೊಗರಿ ಹಾಕಿ. ತೊಗರಿ ಮುಗಿಯುವಷ್ಟರಲ್ಲಿ ನಾಲ್ಕೈದು ಅಡಿ ದೂರದ ಹೊಂಗೆ, ಸರ್ವೆ ಅಥವಾ ನೆಲ್ಲಿ ಬೇರು ಬಿಟ್ಟಿರಬೇಕು. ಆಸರೆ ಗಿಡ ಮೇಲೆದ್ದು ಗಂಧವನ್ನು ಮುಚ್ಚಿದರೆ ಅದರ ಕೊಂಬೆ ಸವರಿ. ನೀರು ನಿಲ್ಲುವ ಜಾಗದಲ್ಲಿ ನೆಡಲೇಬೇಡಿ, ಬೇರು ಕೊಳೆಯುತ್ತದೆ.

ಎಲೆ ಸಣ್ಣದಾಗಿ, ಬಿರುಸಾಗಿ ಮುಳ್ಳಿನಂತೆ ನಿಗುರಿದರೆ ಅದು ಸ್ಪೈಕ್ ರೋಗ. ಕೊಡಗಿನಲ್ಲಿ 1899ರಲ್ಲೇ ಗುರುತಿಸಿದ್ದು, ಇವತ್ತಿಗೂ ವಾಸಿ ಮಾಡುವ ಮದ್ದಿಲ್ಲ. ರಸ ಹೀರುವ ಕೀಟಗಳಿಂದ ಹರಡುತ್ತದೆ. ಅಂಥ ಮರ ಕಂಡರೆ ವಲಯ ಅರಣ್ಯ ಕಚೇರಿಗೆ ತಿಳಿಸಿ.

ಎಕರೆಗೆ ಇಷ್ಟು ಕೋಟಿ ಎನ್ನುವ ಜಾಹೀರಾತು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಬೆಲೆ ಇರುವುದು ಒಳಗಿನ ಚೇಗಿಗೆ, ಹೊರಗಿನ ಬಿಳಿ ಕಟ್ಟಿಗೆಗೆ ಪರಿಮಳವಿಲ್ಲ. ಚೇಗು ಕಟ್ಟಲು ಶುರುವಾಗುವುದಕ್ಕೇ ಸಾಮಾನ್ಯವಾಗಿ ಹತ್ತು ವರ್ಷದ ಮೇಲಾಗುತ್ತದೆ. ಒಂದೇ ದಪ್ಪದ ಎರಡು ಮರಗಳಲ್ಲಿ ಒಂದರಲ್ಲಿ ಧಾರಾಳ, ಇನ್ನೊಂದರಲ್ಲಿ ಬೆರಳಷ್ಟು ಇರಬಹುದು. ಕಳ್ಳರಿಗೂ ಇದು ಗೊತ್ತು, ಅದಕ್ಕೇ ಕಾಂಡಕ್ಕೆ ರಂಧ್ರ ಕೊರೆದು ನೋಡಿ ಹೋಗುತ್ತಾರೆ. ಕಾಂಡದ ಮೇಲೆ ಹೊಸ ತೂತು ಕಂಡರೆ ಅವತ್ತೇ ದೂರು ಕೊಡಿ.

ಸರ್ಕಾರದಿಂದ ಆಗಬೇಕಾದದ್ದೂ ಇದೆ. ಪಹಣಿಗೆ ಮರ ಹತ್ತಿಸಲು, ಕಡಿಯಲು, ಸಾಗಿಸಲು ರೈತ ಬೇರೆ ಬೇರೆ ಬಾಗಿಲು ತಟ್ಟಬೇಕಾಗಿರುವುದು ತಪ್ಪು. ಹೋಬಳಿ ಮಟ್ಟದಲ್ಲೇ ಒಂದು ಅರ್ಜಿಗೆ, ಗೊತ್ತುಪಡಿಸಿದ ದಿನಗಳೊಳಗೆ ಉತ್ತರ ಸಿಗಬೇಕು. ಕಳವಾದ ಮರುದಿನವೇ ಮಹಜರು ಆಗಬೇಕು. ಬೇರಿನಲ್ಲೂ ಎಣ್ಣೆ ಹೆಚ್ಚಿರುವುದರಿಂದ ಕಳ್ಳರು ಅದನ್ನೂ ಅಗೆಯುತ್ತಾರೆ; ಅಗೆದ ಗುಂಡಿ, ಉಳಿದ ಬೇರು ಎಲ್ಲವೂ ಸಾಕ್ಷ್ಯ. ಮಹಜರು ಆಗುವವರೆಗೆ ಗುಂಡಿ ಮುಚ್ಚಬೇಡಿ.