ಜನಸಾಗರಕ್ಕೊಂದು ಅಳತೆಪಟ್ಟಿ

ಪತ್ರಿಕೆಗಳಿಗೆ ‘ಲಕ್ಷಾಂತರ’ ಎಂಬ ಪದದ ಮೇಲೆ ಅದೇನೋ ಮೋಹ. ಸಭೆಯ ಚಿತ್ರದ ಕೆಳಗೆ ‘ಲಕ್ಷ ಜನ’ ಎಂದು ಅಚ್ಚಾದರೆ ಓದಿದವರು ‘ಅಬ್ಬಾ’ ಎಂದು ಪುಟ ಮಗುಚುತ್ತಾರೆ. ಗಣಿತದ ಮೇಷ್ಟ್ರು ಮಾತ್ರ ಮಗುಚಬಾರದು; ಆ ಒಂದೇ ಸಾಲಿನಲ್ಲಿ ಇಡೀ ಪೀರಿಯಡ್ಡಿಗೆ ಆಗುವಷ್ಟು ಸರಕಿದೆ.

ಮೈದಾನ 300 ಅಡಿ ಉದ್ದ, 200 ಅಡಿ ಅಗಲ ಎಂದಿಟ್ಟುಕೊಳ್ಳಿ. 60,000 ಚದರ ಅಡಿ ಆಯಿತು. ತಲೆಗೆಷ್ಟು ಜಾಗ ಬೇಕು? ಇದನ್ನು ಬಾಯಲ್ಲಿ ಹೇಳಿಬಿಟ್ಟರೆ ಪಾಠ ಕೆಟ್ಟಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ 5 ಅಡಿಗೆ 4 ಅಡಿಯ ಆಯತ ಬರೆದು ಮಕ್ಕಳನ್ನೇ ನಿಲ್ಲಿಸಬೇಕು. ಇಬ್ಬರಾದರೆ ಆರಾಮ, ನಾಲ್ವರಾದರೆ ಒತ್ತೊತ್ತು, ಎಂಟನೆಯವನು ನುಗ್ಗುವ ಹೊತ್ತಿಗೆ ಗೆರೆಯೇ ಅಳಿಸಿಹೋಗಿರುತ್ತದೆ. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ವಿದ್ಯಾರ್ಥಿ ಸಭೆಗಳ ಫೋಟೊ ಹಿಡಿದು ತಲೆ ಎಣಿಸಿ ಕಂಡುಕೊಂಡದ್ದೂ ಹೆಚ್ಚುಕಮ್ಮಿ ಇದನ್ನೇ: ಸಡಿಲ ಗುಂಪಿನಲ್ಲಿ ತಲೆಗೆ 10 ಚದರ ಅಡಿ, ದಟ್ಟವಾದರೆ 4.5, ಉಸಿರುಗಟ್ಟುವಂತಿದ್ದರೆ 2.5.

ಕೊನೆಯ ಅಳತೆ ಹಿಡಿದರೂ ಸಿಗುವುದು 24,000. ಲಕ್ಷ ಜನ ಹಿಡಿಸಬೇಕಾದರೆ ತಲೆಗೆ 0.6 ಚದರ ಅಡಿ, ಅಂದರೆ 86 ಚದರ ಅಂಗುಲ. ಎ4 ಹಾಳೆಯೇ ಸುಮಾರು 97! ಹಾಳೆಯನ್ನು ನೆಲಕ್ಕಿಟ್ಟು ಅದರ ಮೇಲೆ ಒಬ್ಬನನ್ನು ನಿಲ್ಲಿಸಿದರೆ ಸಾಕು, ಮಿಕ್ಕಿದ್ದನ್ನು ತರಗತಿಯೇ ಹೇಳುತ್ತದೆ. ವೇದಿಕೆಯ ಜಾಗವನ್ನು ನಾವಿನ್ನೂ ಕಳೆದೇ ಇಲ್ಲ.

ಮಕ್ಕಳು ಎಡವುವುದು ಗುಣಾಕಾರ ಭಾಗಾಕಾರದಲ್ಲಲ್ಲ. ಕ್ಯಾಲ್ಕುಲೇಟರ್ ಕೈಗಿತ್ತರೆ ದಟ್ಟ ಗುಂಪಿಗೆ 13,333.33 ಜನ ಎಂದು ಬರೆದು ತರುತ್ತಾರೆ, ಆ 0.33 ಯಾರ ಮನೆಯ ಕೂಸೋ! ಮೈದಾನದ ಅಳತೆಯೇ ಕಣ್ಣಂದಾಜಾಗಿರುವಾಗ ‘ಹನ್ನೆರಡರಿಂದ ಹದಿನೈದು ಸಾವಿರ’ ಎನ್ನುವುದೇ ಪ್ರಾಮಾಣಿಕ ಉತ್ತರ. ಪುಸ್ತಕದ ಹಿಂದೆ ಉತ್ತರ ನೋಡಿ ಬೆಳೆದವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ.

ಶೇಕಡಾದ ಕಥೆ ಬೇರೆ. ಬಡ್ಡಿದರ ಶೇ 4ರಿಂದ 5ಕ್ಕೆ ಹೋದರೆ ‘ಶೇ 1 ಏರಿಕೆ’ ಎನ್ನುವವರಿದ್ದಾರೆ, ‘ಶೇ 25 ಏರಿಕೆ’ ಎನ್ನುವವರೂ ಇದ್ದಾರೆ. ಮೊದಲಿನವರು ‘ಒಂದು ಶೇಕಡಾ ಅಂಶ’ (ಎರಡು ಶೇಕಡಾಗಳ ನಡುವಿನ ನೇರ ವ್ಯತ್ಯಾಸ) ಎನ್ನಬೇಕಿತ್ತು, ಅಷ್ಟೇ ತಪ್ಪು.

ಕಂಬದ ನಕ್ಷೆಯ ಕೈಚಳಕ ಇನ್ನೂ ನಯ. 92 ಮತ್ತು 96ರ ಹೋಲಿಕೆ. ಅಡಿಗೆರೆ ಮಾತ್ರ 90ರಿಂದ ಶುರು. ಎರಡನೆಯ ಕಂಬ ಮೂರು ಪಟ್ಟು ಎತ್ತರವಾಗಿ ಎದ್ದು ನಿಲ್ಲುತ್ತದೆ. ಚೌಕುಳಿ ಹಾಳೆಯಲ್ಲಿ ಸೊನ್ನೆಯಿಂದ ಮತ್ತೆ ಬರೆಸಿ; ಯಾವುದು ಎತ್ತರ ಎಂದು ಸ್ಕೇಲ್ ಇಟ್ಟು ನೋಡಬೇಕಾಗುತ್ತದೆ. ಬರೆದವನು ಸುಳ್ಳು ಹೇಳಿಲ್ಲ, ಕಂಬಗಳ ಬುಡ ಹೂತಿದ್ದಾನೆ.