ಉಲ್ಮ್‌ನಲ್ಲಿ ಕೊಂಡ ರೈಫಲ್, ಕೊಡಗಿಗೆ ಬೇಕಾದ ಹಾಲ್

ಕೊನೆಗೂ ರೈಫಲ್ ಮನೆಗೆ ಬಂತು. ಆನ್ಷುಟ್ಸ್ ಕಂಪನಿಯ 1913 ಮಾದರಿ, .22 ಬೋರ್, ವಾಲ್‌ನಟ್ ಮರದ ಹಿಡಿ. 50 ಮೀಟರ್ ದೂರದ ಗುರಿಗೆ ಹೊಡೆಯುವುದು ಬಿಟ್ಟರೆ ಇದಕ್ಕೆ ಬೇರೆ ಕೆಲಸ ಇಲ್ಲ. ಬೇಟೆಗೆ ಆಗುವುದಿಲ್ಲ. ಹೆಗಲಿಗೆ ಹಾಕಿಕೊಂಡು ತೋಟ ಸುತ್ತುವುದಕ್ಕೂ ಆಗುವುದಿಲ್ಲ, ಎಲ್ಲ ಜೋಡಿಸಿದರೆ ಏಳು ಕಿಲೋ ಹತ್ತಿರ ತೂಗುತ್ತದೆ. ಮ್ಯಾಗಜೀನ್ ಇಲ್ಲ. ಒಂದು ಗುಂಡು ಹಾಕಬೇಕು, ಹೊಡೆಯಬೇಕು, ಮತ್ತೊಂದು ಹಾಕಬೇಕು.

ನಾನು ವಿರಾಜಪೇಟೆ ಕಡೆಯವನು. ಬಹಳ ವರ್ಷಗಳಿಂದ ಜರ್ಮನಿಯ ಉಲ್ಮ್‌ನಲ್ಲಿದ್ದೇನೆ. ಊರ ಮನೆಯಲ್ಲಿ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಕ್ಕಿನ ಕೋವಿ ಇದೆ, ಹಾಗಾಗಿ ಕೋವಿ ನನಗೆ ಹೊಸದಲ್ಲ. ಆದರೆ ಈ ರೈಫಲ್ ಕೊಳ್ಳುವವರೆಗಿನ ದಾರಿ ಮತ್ತು ಕೊಂಡ ಮೇಲಿನ ಮೊದಲ ವಾರಗಳು ನನ್ನನ್ನು ತುಂಬ ಯೋಚನೆಗೆ ಹಚ್ಚಿವೆ. ಕೊಡಗಿನಲ್ಲಿ ಗುರಿ ಅಭ್ಯಾಸಕ್ಕೆ ಒಂದು ಹಾಲ್ ಬೇಕು ಅನ್ನುವ ಮಾತನ್ನು ನಮ್ಮೂರಿನವರ ಮುಂದೆ ಇಡಬೇಕು ಅನಿಸಿದೆ.

ಮೊದಲು ರೈಫಲ್ ಬಗ್ಗೆ ಹೇಳುತ್ತೇನೆ. ಪೆಟ್ಟಿಗೆಯ ಜೊತೆ ಒಂದು ಗುರಿ ಕಾಗದ ಬರುತ್ತದೆ. ಕಾರ್ಖಾನೆಯಲ್ಲಿ ಇದೇ ನಳಿಗೆಯಿಂದ 50 ಮೀಟರ್‌ಗೆ ಹೊಡೆದದ್ದು. ತೂತುಗಳೆಲ್ಲ ಒಂದರ ಮೇಲೊಂದು ಬಿದ್ದು, ಒಂದೇ ತೂತು ಸ್ವಲ್ಪ ಹರಿದ ಹಾಗೆ ಕಾಣುತ್ತದೆ. ರೈಫಲ್ ತನ್ನ ಕೈಲಾಗುವುದನ್ನು ಮೊದಲೇ ತೋರಿಸಿಬಿಟ್ಟಿದೆ. ಇನ್ನು ಮೇಲೆ ಗುಂಡು ಆಚೀಚೆ ಹೋದರೆ ಕಾರಣ ಹುಡುಕಬೇಕಾದದ್ದು ಹೊಡೆಯುವವನಲ್ಲಿ, ಗಾಳಿಯಲ್ಲಿ, ಇಲ್ಲವೇ ತೋಟಾದಲ್ಲಿ.

ಟ್ರಿಗರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಎರಡು ಹಂತದ್ದು. ಮೊದಲ ಹಂತ ಮೆತ್ತಗೆ ಹಿಂದೆ ಬಂದು ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ನೂರು ಗ್ರಾಂ ಆಸುಪಾಸಿನ ಒತ್ತಡ ಸಾಕು. ಬೆರಳು ಎಳೆಯಿತು ಅನ್ನುವುದೇ ತಿಳಿಯುವುದಿಲ್ಲ, ಮನಸ್ಸು ಹೂಂ ಅಂದಾಗ ಗುಂಡು ಹೋಗಿರುತ್ತದೆ. ನಮ್ಮ ಮನೆಯ ತೋಟಾ ಕೋವಿಯ ಕುದುರೆ ಎಳೆಯುವುದಕ್ಕೆ ಬೆರಳಿಗೆ ಬಲ ಬೇಕು, ಆಮೇಲೆ ಭುಜಕ್ಕೆ ಒದೆ ಬೀಳುತ್ತದೆ. ಇಲ್ಲಿ ಒದೆ ಇಲ್ಲವೇ ಇಲ್ಲ ಅನ್ನಬಹುದು.

ಹಾಗಂತ ಹೊಡೆದ ತಕ್ಷಣ ತಲೆ ಎತ್ತುವಂತಿಲ್ಲ. ಪಂದ್ಯದ .22 ಗುಂಡನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ಸ್ವಲ್ಪ ನಿಧಾನ ಇಟ್ಟಿರುತ್ತಾರೆ. ಶಬ್ದದ ವೇಗದಿಂದ ಕೆಳಗಿಳಿಯುವಾಗ ಗುಂಡು ಅಲುಗಾಡುತ್ತದೆ, ಅದು ಆಗಬಾರದು ಅಂತ. ನಿಧಾನ ಆದ್ದರಿಂದ 69 ಸೆಂಟಿಮೀಟರ್ ನಳಿಗೆ ದಾಟುವುದಕ್ಕೆ ಅದಕ್ಕೆ ಕೆಲವು ಮಿಲಿಸೆಕೆಂಡು ಬೇಕು. ಅಷ್ಟರೊಳಗೆ ಕೆನ್ನೆ ಸರಿದರೆ, ಉಸಿರು ಬಿಟ್ಟರೆ, ಅದು ಗುರಿಯ ಮೇಲೆ ಕಾಣುತ್ತದೆ. ಹತ್ತು ಅಂಕ ಕೊಡುವ ನಡುವಿನ ವೃತ್ತದ ಅಗಲ 10.4 ಮಿಲಿಮೀಟರ್ ಅಷ್ಟೇ. ಅದರೊಳಗೂ 10.1, 10.5, 10.9 ಅಂತ ದಶಾಂಶದಲ್ಲಿ ಅಂಕ ಇದೆ.

ಹಿಡಿಯ ವಿಷಯದಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಂಡಿತು. ಕೆನ್ನೆ ಇಡುವ ಜಾಗ ಏರುತ್ತದೆ, ಇಳಿಯುತ್ತದೆ, ಪಕ್ಕಕ್ಕೂ ಸರಿಯುತ್ತದೆ. ಭುಜಕ್ಕೆ ತಾಗುವ ಕೊಕ್ಕೆಯೂ ಹಾಗೆಯೇ. ಮುಂಗೈ ತಡೆಯನ್ನು ಹಳಿಯ ಮೇಲೆ ಮಿಲಿಮೀಟರ್ ಲೆಕ್ಕದಲ್ಲಿ ಜರುಗಿಸಬಹುದು. ಮಲಗಿ ಹೊಡೆಯುವುದಕ್ಕೆ ಒಂದು ಅಳತೆ, ಮೊಣಕಾಲೂರಿ ಒಂದು, ನಿಂತು ಇನ್ನೊಂದು. ನನ್ನ ಕತ್ತು, ನನ್ನ ತೋಳು ಎಷ್ಟು ಉದ್ದವೋ ಅದಕ್ಕೆ ತಕ್ಕ ಹಾಗೆ ರೈಫಲ್ ಬದಲಾಗುತ್ತದೆ. ಊರಿನ ಕೋವಿಯಲ್ಲಿ ಅಜ್ಜ ಹಿಡಿದ ಹಿಡಿಯನ್ನೇ ಅಪ್ಪ ಹಿಡಿದರು, ಅದನ್ನೇ ನಾನೂ ಹಿಡಿದೆ. ಕೋವಿಗೆ ತಕ್ಕ ಹಾಗೆ ನಮ್ಮ ಮೈಯನ್ನು ಹೊಂದಿಸಿಕೊಂಡೆವು. ಎರಡರಲ್ಲೂ ಒಂದು ಚಂದ ಇದೆ. ಆದರೆ ಗುರಿ ಕಲಿಯುವ ಮಗುವಿಗೆ ಮೊದಲನೆಯದೇ ಬೇಕು.

ತೋಟಾ ಆರಿಸುವ ಕೆಲಸ ಊರಿನಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಇಂಗ್ಲೆಂಡಿನ ಈಲಿ, ಜರ್ಮನಿಯ ಆರ್‌ಡಬ್ಲ್ಯೂಎಸ್, ಲಾಪುವಾ, ಯಾವುದೇ ಕಂಪನಿ ಇರಲಿ, ಒಂದೇ ಹೆಸರಿನ ತೋಟಾ ಕೂಡ ಒಂದು ಸಲ ತಯಾರಾದ ಕಂತಿಗೂ ಇನ್ನೊಂದು ಕಂತಿಗೂ ಕೂದಲೆಳೆಯಷ್ಟು ಬೇರೆ ಇರುತ್ತದೆ. ಒಂದು ನಳಿಗೆಗೆ ಒಗ್ಗಿದ್ದು ಪಕ್ಕದ ನಳಿಗೆಗೆ ಒಗ್ಗುವುದಿಲ್ಲ. ಹಾಗಾಗಿ ನಳಿಗೆಯನ್ನು ಕಬ್ಬಿಣದ ಹಿಡಿಕೆಗೆ ಬಿಗಿದು, ಬೇರೆ ಬೇರೆ ಕಂತುಗಳನ್ನು ಹೊಡೆದು ನೋಡುತ್ತಾರೆ. ಯಾವುದರ ತೂತುಗಳು ಹತ್ತಿರ ಹತ್ತಿರ ಬೀಳುತ್ತವೋ ಆ ಕಂತನ್ನೇ ವರ್ಷಕ್ಕಾಗುವಷ್ಟು ಕೊಳ್ಳುತ್ತಾರೆ. ಮ್ಯಾಗ್ಡಬರ್ಗ್ ಹತ್ತಿರದ ಶೋನೆಬೆಕ್‌ನಲ್ಲಿ ಲಾಪುವಾದವರು ಇದಕ್ಕಾಗಿಯೇ ಒಂದು ಕೇಂದ್ರ ಇಟ್ಟಿದ್ದಾರೆ. ನಾನು ಅಲ್ಲಿಗೆ ಇನ್ನೂ ಹೋಗಿಲ್ಲ, ಈ ಬೇಸಿಗೆಯಲ್ಲಿ ಹೋಗುವ ಆಸೆ ಇದೆ. ಅಲ್ಲಿಯವರೆಗೆ ಕ್ಲಬ್‌ನ ಹಿರಿಯರು ಕೊಟ್ಟ ಒಂದೆರಡು ಕಂತುಗಳಲ್ಲೇ ಅಭ್ಯಾಸ.

ಈ ಹಿರಿಯರ ಮಾತೇ ನನಗೆ ಮುಖ್ಯ. ರೈಫಲ್‌ಗೆ ಮೂರು ಸಾವಿರ ಯೂರೋ ದಾಟುತ್ತದೆ ನಿಜ, ಆದರೆ ಇಲ್ಲಿ ದುಡ್ಡು ಇದ್ದ ಮಾತ್ರಕ್ಕೆ ಅದು ಸಿಗುವುದಿಲ್ಲ. ಮೊದಲು ಊರಿನ ಶೂಟಿಂಗ್ ಕ್ಲಬ್ ಸೇರಬೇಕು. ಕನಿಷ್ಠ 12 ತಿಂಗಳು ನಿಯಮಿತವಾಗಿ ಬಂದು ಹೊಡೆದಿದ್ದಾನೆ ಅನ್ನುವ ದಾಖಲೆ ಬೇಕು. ಕಾನೂನು ಮತ್ತು ಸುರಕ್ಷತೆಯ ಪರೀಕ್ಷೆ ಪಾಸಾಗಬೇಕು. ಇವನಿಗೆ ಈ ರೈಫಲ್ ಬೇಕು ಅಂತ ಸಂಘ ಬರೆದುಕೊಡಬೇಕು. ಆಮೇಲೆ ಸರ್ಕಾರಿ ಕಚೇರಿ ಹಳೆಯ ದಾಖಲೆ ನೋಡಿ ಪರವಾನಗಿ ಕೊಡುತ್ತದೆ. ಮನೆಯಲ್ಲಿ ಗೊತ್ತುಪಡಿಸಿದ ದರ್ಜೆಯ ಉಕ್ಕಿನ ತಿಜೋರಿ ಇರಲೇಬೇಕು. ಅಧಿಕಾರಿಗಳು ಹೇಳದೆ ಕೇಳದೆ ಬಂದು ಅದನ್ನು ನೋಡಬಹುದು. 2009ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ವಿನ್ನೆಂಡೆನ್‌ನಲ್ಲಿ 17 ವರ್ಷದ ಹುಡುಗನೊಬ್ಬ 15 ಜನರನ್ನು ಕೊಂದ. ಕೈಯಲ್ಲಿದ್ದದ್ದು ಬೀಗ ಹಾಕದೆ ಇಟ್ಟಿದ್ದ ಅಪ್ಪನ ಪಿಸ್ತೂಲು. ಈ ತಪಾಸಣೆ ಬಿಗಿಯಾದದ್ದು ಅದಾದ ಮೇಲೆ. ಕಾಯುವುದು ಕೆಲವರಿಗೆ ಬೇಸರ. ನನಗಂತೂ ಅದು ಸರಿ ಅನಿಸಿತು. ಆ ಕಾಲದಲ್ಲಿ ಕ್ಲಬ್‌ನ ರೈಫಲ್‌ನಲ್ಲೇ ಕಲಿತೆ, ನನ್ನ ಪಕ್ಕದ ಸಾಲಿನವರು ನನ್ನನ್ನು ನೋಡುತ್ತಿದ್ದರು. ರೈಫಲ್ ಕೊಡಬಹುದಾದ ಮನುಷ್ಯ ಹೌದೋ ಅಲ್ಲವೋ ಅನ್ನುವುದು ಅವರಿಗೆ ಯಾವ ಅರ್ಜಿಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ.

ಆ ಕ್ಲಬ್‌ಗಳನ್ನು ಒಮ್ಮೆ ನೋಡಬೇಕು. ಉಲ್ಮ್ ಸುತ್ತಮುತ್ತ ಚರ್ಚ್ ಇರುವ ಹಳ್ಳಿಗಳಲ್ಲಿ ಬಹುಪಾಲು ಕಡೆ ಶೂಟಿಂಗ್ ಮನೆಯೂ ಇದೆ. ಕೆಳಗೆ 10 ಮೀಟರ್ ಏರ್ ರೈಫಲ್ ಸಾಲುಗಳು, ಮೇಲೆ ಊಟದ ಕೋಣೆ. ಗೋಡೆ ತುಂಬ ಬಣ್ಣದ ಮರದ ಗುರಿ ಫಲಕಗಳು. ವರ್ಷಕ್ಕೊಮ್ಮೆ ಊರಿನ ಗುರಿಕಾರ ರಾಜನನ್ನು ಆರಿಸುತ್ತಾರೆ, ಅವನ ಕೊರಳಿಗೆ ಬೆಳ್ಳಿಯ ಬಿಲ್ಲೆಗಳ ಸರ. ಚಳಿಗಾಲದ ಸಂಜೆ ಶಾಲೆಯ ಹುಡುಗಿ, ಬಡಗಿ, ನಿವೃತ್ತ ಮೇಷ್ಟ್ರು ಒಂದೇ ಸಾಲಿನಲ್ಲಿ ನಿಂತು ಪಕ್ಕದ ಹಳ್ಳಿಯ ಮೇಲೆ ಪಂದ್ಯ ಆಡುತ್ತಾರೆ. 12 ವರ್ಷದಿಂದ ಏರ್ ರೈಫಲ್, 14ರಿಂದ .22, ಪಕ್ಕದಲ್ಲಿ ಕಲಿಸುವವರು ಇದ್ದೇ ಇರುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಗುಂಡೇ ಇಲ್ಲದ ಬೆಳಕಿನ ರೈಫಲ್. ಇಡೀ ದೇಶದ ಒಕ್ಕೂಟದಲ್ಲಿ ಸುಮಾರು 13 ಲಕ್ಷ ಸದಸ್ಯರು. ಇವರಲ್ಲಿ ಒಲಿಂಪಿಕ್ಸ್‌ಗೆ ಹೋಗುವವರು ಬೆರಳೆಣಿಕೆ. ಉಳಿದವರು ಅದರ ಯೋಚನೆ ಇಲ್ಲದೆ ಜೀವನಪೂರ್ತಿ ಹೊಡೆಯುತ್ತಾರೆ.

ನನ್ನ ರೈಫಲ್‌ನ ಆನ್ಷುಟ್ಸ್, ಇನ್ನೊಂದು ಕೋವಿ ಕಂಪನಿ ವಾಲ್ಟರ್, ಎರಡೂ ಮೊದಲು ಇದ್ದದ್ದು ಜರ್ಮನಿಯ ತುರಿಂಗಿಯಾ ಪ್ರಾಂತ್ಯದಲ್ಲಿ. ಎರಡನೇ ಮಹಾಯುದ್ಧದ ಮೇಲೆ ನೆಲೆ ಕಳೆದುಕೊಂಡು ಉಲ್ಮ್‌ಗೆ ಬಂದು ಮತ್ತೆ ಶುರು ಮಾಡಿದವು. ಜಗತ್ತಿನ ಒಳ್ಳೆಯ ಗುರಿ ರೈಫಲ್‌ಗಳು ಇಲ್ಲಿ ತಯಾರಾಗುವುದಕ್ಕೆ ಕಾರಣ ಬರೀ ಯಂತ್ರಜ್ಞಾನ ಅಲ್ಲ. ಪ್ರತಿ ಸಂಜೆ ಅದನ್ನು ಬಳಸಿ, ಇದು ಸರಿ ಇಲ್ಲ, ಇದು ಸರಿ ಇದೆ ಅಂತ ಹೇಳುವ ಲಕ್ಷಾಂತರ ಜನ ಅಕ್ಕಪಕ್ಕದ ಹಳ್ಳಿಗಳಲ್ಲಿ ಇದ್ದಾರೆ.

ಈಗ ಕೊಡಗಿಗೆ ಬರುತ್ತೇನೆ. ಜರ್ಮನಿಯ ಶೂಟರ್‌ಗಳ ಒಕ್ಕೂಟ ಹುಟ್ಟಿದ್ದು 1861ರಲ್ಲಿ, ಗೋಥಾ ಪಟ್ಟಣದಲ್ಲಿ. ಅದೇ 1861ರಲ್ಲಿ ಆಗಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಬೇರೆ ರೂಪದಲ್ಲಿ ಇವತ್ತಿಗೂ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಅದನ್ನು ಮುಂದುವರಿಸಿದ್ದಾರೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸೆಪ್ಟೆಂಬರ್‌ನಲ್ಲಿ ಬರುವ ನಮ್ಮ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ಒರೆಸಿ, ನಳಿಗೆಗೆ ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿ, ಪೂಜೆ ಮಾಡಿ, ಆಮೇಲೆ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಹೆಂಗಸರೂ ಹೊಡೆಯುತ್ತಾರೆ. ಕೋವಿ ಮನೆಯ ಒಬ್ಬ ಸದಸ್ಯನ ಹಾಗೆ ಇರುತ್ತದೆ. ಇಂಥ ಗೌರವ ನಾನು ಜರ್ಮನಿಯಲ್ಲಿ ಕಂಡಿಲ್ಲ. ಇಲ್ಲಿ ರೈಫಲ್ ಒಂದು ಒಳ್ಳೆಯ ಉಪಕರಣ, ಅಷ್ಟೇ. ನನ್ನ ರೈಫಲ್‌ಗೆ ಆಯುಧಪೂಜೆಯ ದಿನ ಅರಿಶಿನ ಕುಂಕುಮ ಇಡುತ್ತೇನೆ. ಕ್ಲಬ್‌ನವರಿಗೆ ಅದರ ಕಾರಣ ಹೇಳಿದಾಗ ಅವರು ಶ್ರದ್ಧೆಯಿಂದ ಕೇಳಿದರು.

ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಕೈಲ್‌ಪೊಳ್ದ್ ದಿನ ಒಂದೇ ಗುಂಡಿಗೆ ಕಾಯಿ ಉದುರಿಸಿದ ಹುಡುಗಿ ಮಾರನೇ ದಿನ ಎಲ್ಲಿಗೆ ಹೋಗಬೇಕು? ಅವಳ ಹಳ್ಳಿಯಲ್ಲಿ ಅಭ್ಯಾಸಕ್ಕೆ ಜಾಗ ಇಲ್ಲ. ಕಲಿಯಬೇಕು ಅಂದರೆ ಬೆಂಗಳೂರಿನಂಥ ಪೇಟೆ, ಅಲ್ಲಿ ಫೀಸು, ಹಾಸ್ಟೆಲ್ಲು, ಬೇಗ ಪದಕ ಬರಲಿ ಅನ್ನುವ ಒತ್ತಡ. ಪ್ರತಿಭೆಗೆ ನಮ್ಮಲ್ಲಿ ಕೊರತೆ ಇಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಮಹಾರಾಷ್ಟ್ರದಲ್ಲಿ ನೆಲೆಸಿದ ಸುಮಾ ಶಿರೂರ್ 2004ರಲ್ಲಿ ಏರ್ ರೈಫಲ್‌ನಲ್ಲಿ 400ಕ್ಕೆ 400 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಪ್ಯಾರಿಸ್ 2024ರಲ್ಲಿ 50 ಮೀಟರ್ ರೈಫಲ್‌ನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯವರು. ಕೋವಿಯನ್ನೇ ಪೂಜಿಸುವ ಕೊಡಗಿನಿಂದ ಇಂಥ ಹತ್ತಾರು ಜನ ಬರಬೇಕಿತ್ತು ಅಲ್ವಾ?

.22 ರೈಫಲ್ ಊರಲ್ಲಿ ಸುಲಭ ಅಲ್ಲ. ಆಮದು, ತೋಟಾ, ನುರಿತ ಶೂಟರ್ ಅನ್ನುವ ಅರ್ಹತೆ, ಎಲ್ಲಕ್ಕೂ ದೊಡ್ಡ ದಾರಿ ಇದೆ. ಅದನ್ನು ಸದ್ಯಕ್ಕೆ ಬಿಡೋಣ. 10 ಮೀಟರ್ ಏರ್ ರೈಫಲ್ ಬೇರೆ ವಿಷಯ. 4.5 ಮಿಲಿಮೀಟರ್ ಬೋರ್, 20 ಜೂಲ್ ಒಳಗಿನ ಶಕ್ತಿ ಇದ್ದರೆ ಭಾರತದಲ್ಲಿ ಅದಕ್ಕೆ ಲೈಸೆನ್ಸ್ ಬೇಡ. ಪಂದ್ಯದ ಏರ್ ರೈಫಲ್‌ಗಳು ಅದಕ್ಕಿಂತ ಬಹಳ ಕಡಿಮೆ ಶಕ್ತಿಯವು. ಗಾಳಿ, ಮಳೆಯ ಚಿಂತೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರಾಗಿರುವ ನಮ್ಮ ಜಿಲ್ಲೆಗೆ ಇದಕ್ಕಿಂತ ಒಳ್ಳೆಯ ಆಟ ಯಾವುದಿದೆ? ಹತ್ತರ ಗುರಿ ಬರೀ ಅರ್ಧ ಮಿಲಿಮೀಟರ್ ಚುಕ್ಕೆ. ಕಲಿಯುವುದಕ್ಕೆ ಒಂದು ಜೀವಮಾನ ಬೇಕು, ಶುರು ಮಾಡುವುದಕ್ಕೆ ಒಂದು ಹಾಲ್ ಸಾಕು.

ಇದು ಆಗದ ಮಾತು ಅಂತ ಯಾರೂ ಹೇಳಬಾರದು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯ ಶುರು ಮಾಡಿದಾಗ 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ. ಅಂಥ ಪಂದ್ಯ ಏರ್ ರೈಫಲ್‌ಗೂ ಆಗಬಹುದು. ಹಾಕಿಗಿಂತ ಇದರಲ್ಲಿ ಅಜ್ಜನಿಗೆ ಜಾಸ್ತಿ ಅವಕಾಶ ಇದೆ ಕೂಡ.

ಇನ್ನೊಂದು ಮಾತು ಕೆಲವರಿಗೆ ಹಿಡಿಸದಿರಬಹುದು. ಮನೆಯ ಕೋವಿಗೆ ಬೀಗದ ಪೆಟ್ಟಿಗೆ ಬೇಕು. ವಿನಾಯಿತಿ ಉಳಿಯಬೇಕು ಅನ್ನುವವರಲ್ಲಿ ನಾನೂ ಒಬ್ಬ, ಅದಕ್ಕೇ ಹೇಳುತ್ತಿದ್ದೇನೆ. ಗೋಡೆಯ ಮೊಳೆಗೆ ಕೋವಿ ನೇತುಹಾಕುವ ಕಾಲ ಹೋಯಿತು. ತೋಟಾ ಬೇರೆ ಕಡೆ, ಕೋವಿ ಬೇರೆ ಕಡೆ, ಬೀಗದ ಕೈ ದೊಡ್ಡವರ ಹತ್ತಿರ. ಕಾನೂನು ಹೇಳಲಿ ಅಂತ ಕಾಯಬೇಕಾಗಿಲ್ಲ, ಕೊಡವ ಸಮಾಜಗಳು, ಗೌಡ ಸಮಾಜಗಳು ತಾವೇ ಹೇಳಬಹುದು. ಹಾಲ್ ನಡೆಯಬೇಕಾದರೂ ಇದೇ ಶಿಸ್ತು ಮೊದಲು ಬೇಕು. ಇಲ್ಲಿ ರೈಫಲ್ ಪೆಟ್ಟಿಗೆಯಿಂದ ಹೊರಗೆ ಬಂದರೆ ಅದರ ನಳಿಗೆಯೊಳಗೆ ಬಣ್ಣದ ದಾರ ಇರಬೇಕು, ಖಾಲಿ ಇದೆ ಅಂತ ದೂರದಿಂದಲೇ ಎಲ್ಲರಿಗೂ ಕಾಣುವ ಹಾಗೆ. ಕಾವಲಿಗೆ ನಿಂತವರು ಹೇಳುವವರೆಗೆ ಯಾರೂ ಗುರಿಯ ಕಡೆ ಹೆಜ್ಜೆ ಇಡುವುದಿಲ್ಲ. ಹತ್ತು ವರ್ಷದ ಮಕ್ಕಳಿಗೂ ಇದು ರೂಢಿಯಾಗಿದೆ.

ಮದುವೆ ಇಲ್ಲದ ದಿನಗಳಲ್ಲಿ ಸಮಾಜದ ಕಟ್ಟಡಗಳು ಸುಮ್ನೆ ಖಾಲಿ ಇರುತ್ತವೆ. ನಾಲ್ಕು ಸಾಲು, ಗುಂಡು ತಡೆಯುವ ಕಬ್ಬಿಣದ ಪೆಟ್ಟಿಗೆಗಳು, ಗುರಿಯ ಮೇಲೆ ಒಳ್ಳೆಯ ಬೆಳಕು, ಎರಡು ಏರ್ ರೈಫಲ್, ಸುರಕ್ಷತೆ ನೋಡಿಕೊಳ್ಳುವುದಕ್ಕೆ ಒಬ್ಬ ನಿವೃತ್ತ ಸೈನಿಕ. ಸೈನ್ಯದಿಂದ ಬಂದವರಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ಯಾವ ಸಮಾಜ ಮೊದಲು ಒಪ್ಪುತ್ತದೋ ಅವರಿಗೆ ಮೊದಲ ರೈಫಲ್‌ನ ಖರ್ಚು ನನ್ನದು. ಸಾಲುಗಳ ಅಳತೆ, ಬೆಳಕು, ಸುರಕ್ಷತೆಯ ನಿಯಮ ಎಲ್ಲವನ್ನೂ ಇಲ್ಲಿನ ಕ್ಲಬ್‌ನಿಂದ ಕೇಳಿ ಕನ್ನಡದಲ್ಲಿ ಬರೆದುಕೊಡುತ್ತೇನೆ. ಕೈಲ್‌ಪೊಳ್ದ್‌ಗೆ ಊರಿಗೆ ಬರುತ್ತಿದ್ದೇನೆ, ಕೂತು ಮಾತಾಡೋಣ.