ಬೆಂಚಿಗುಂಟು, ಹೆಂಚಿಗಿಲ್ಲ

ನಮ್ಮ ಬಡಾವಣೆಯ ಹಿರಿಯ ನಾಗರಿಕರು, ಅವರಿಗಿಂತ ತುಸು ಕಿರಿಯ ನಾಗರಿಕರು ಹಾಗೂ ಶುಗರ್ ರಿಪೋರ್ಟ್ ಬಂದ ಮೇಲೆ ಎಚ್ಚೆತ್ತ ನಾಗರಿಕರು ಒಟ್ಟಾಗಿ ಪಾಲಿಕೆಗೆ ಕೊಟ್ಟ ಮನವಿಯ ಸುದ್ದಿಯನ್ನು ನೀವೂ ಓದಿರುತ್ತೀರಿ. ಫೋಟೊ ಸಮೇತ ಬಂದಿತ್ತು. ಸರ್ಕಾರಿ ಶಾಲೆಯ ಮೈದಾನದ ಸುತ್ತ ಪೇವರ್ ಹಾಕಿ ವಾಕಿಂಗ್ ಟ್ರ್ಯಾಕ್ ಮಾಡಿಕೊಡಬೇಕು. ಬೆಳಿಗ್ಗೆ ಒಂಬತ್ತೂವರೆವರೆಗೆ ಗೇಟು ತೆರೆದಿರಬೇಕು. ಮೂರನೆಯದನ್ನು ಓದುವಾಗ ನನಗೆ ಕಾಫಿ ನೆತ್ತಿಗೇರಿತು: ಹೊತ್ತಿಗೆ ಮುಂಚೆ ಬರುವ ಮಕ್ಕಳು ಮೈದಾನದಲ್ಲಿ ಅಡ್ಡಾದಿಡ್ಡಿ ಓಡುವುದರಿಂದ ವಾಯುವಿಹಾರಿಗಳಿಗೆ ಆಗುತ್ತಿರುವ ತೊಂದರೆಯನ್ನು ತಪ್ಪಿಸಬೇಕು.

ಶಾಲೆಯ ಮೈದಾನದಲ್ಲಿ ಮಕ್ಕಳಂತೆ! ಎಂಥಾ ಕಾಲ ಬಂತು ಮಾರಾಯ್ರೆ.

ನಾವು ಶಿವಮೊಗ್ಗದವರು. ನೆಲದ ಹಕ್ಕಿನ ವಿಷಯ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಒಡೆಯರಿಗೆ ಎದುರಾಗಿ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬುದು ಈ ಜಿಲ್ಲೆಯ ಗಾಳಿಯಲ್ಲೇ ಇರುವ ಮಾತು. ನಮ್ಮ ಬಡಾವಣೆ ಅದನ್ನು ಇನ್ನಷ್ಟು ಬೆಳೆಸಿದೆ, ಅಷ್ಟೆ: ನಡೆಯುವವನೇ ನೆಲದೊಡೆಯ. ಅದೇ 1951ರಲ್ಲಿ ವಿನೋಬಾ ಪೋಚಂಪಳ್ಳಿಯಿಂದ ಭೂದಾನ ಶುರು ಮಾಡಿದರು. ಅವರ ಹೆಸರಲ್ಲಿ ನಮ್ಮೂರಲ್ಲೊಂದು ವಿನೋಬನಗರ, ದಾವಣಗೆರೆಯಲ್ಲೊಂದು. ನಮ್ಮ ಬಡಾವಣೆಗೆ ಆ ಹೆಸರಿಲ್ಲದಿದ್ದರೂ ಭೂದಾನದಲ್ಲಿ ನಾವೇನು ಕಡಿಮೆಯಿಲ್ಲ. ಪ್ರತಿ ಮನೆಯ ರ‍್ಯಾಂಪು ಚರಂಡಿ ದಾಟಿ ರಸ್ತೆಗೆ ಇಳಿದಿದೆ, ರ‍್ಯಾಂಪಿನಾಚೆ ಎರಡು ದಾಸವಾಳದ ಕುಂಡ, ಕುಂಡದಾಚೆ ಕಾರು. ಕೊಡುವ ಕೈ ಪಾಲಿಕೆಯದು, ತೆಗೆದುಕೊಳ್ಳುವ ಕೈ ನಮ್ಮದು.

ಮೈದಾನದ ಕಾಂಪೌಂಡಿಗೆ ಒರಗಿಸಿದಂತೆ ಸಿಮೆಂಟ್ ಬೆಂಚುಗಳಿವೆ. ಒಂದೊಂದಕ್ಕೂ ಗ್ರಾನೈಟ್ ಫಲಕ. ದಿವಂಗತ ತಂದೆಯವರ ಸ್ಮರಣಾರ್ಥ, ದಿವಂಗತ ಅತ್ತೆಯವರ ಸ್ಮರಣಾರ್ಥ, ಒಂದರಲ್ಲಂತೂ ದಾನಿಯ ಹೆಸರು ಸತ್ತವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿದೆ. ಅದೇ ಕಾಂಪೌಂಡಿನೊಳಗೆ ಶಾಲೆಯ ಹಳೇ ಕೊಠಡಿಗಳು ಮಳೆಗಾಲವಿಡೀ ಸೋರುತ್ತವೆ. ಮಲೆನಾಡಿನ ಮಳೆ ಗೊತ್ತಲ್ಲ, ಹೊರಗೆ ನಿಂತ ಮೇಲೂ ಒಳಗೆ ಅರ್ಧ ಗಂಟೆ ಸುರಿಯುತ್ತದೆ. ಬಿಸಿಯೂಟದ ಪಾತ್ರೆಗಳನ್ನು ಹೆಂಚಿನ ಸಂದಿಯ ಕೆಳಗೆ ಇಟ್ಟು, ಮಕ್ಕಳನ್ನು ಗೋಡೆಗೆ ಸರಿಸಿ ಪಾಠ ನಡೆಯುತ್ತದೆ. ಹೆಡ್‌ಮಿಸ್ ಒಮ್ಮೆ ಬಾಯಿಬಿಟ್ಟು ನಮ್ಮ ಬಡಾವಣೆಯ ಸಂಘದವರನ್ನು ಕೇಳಿದ್ದರಂತೆ, ಬೆಂಚಿನ ಬದಲು ಈ ವರ್ಷ ಒಂದಿಷ್ಟು ಹೆಂಚು ಕೊಡಿಸುತ್ತೀರಾ ಎಂದು.

“ಅದು ಸರ್ಕಾರದ ಆಸ್ತಿ ಅಲ್ವಾ ಮೇಡಂ, ನಾವು ಕೈ ಹಾಕಿದ್ರೆ ತಪ್ಪಾಗುತ್ತೆ.”

ಎಷ್ಟು ಸೂಕ್ಷ್ಮ ನೋಡಿ. ಮೈದಾನ ಸಾರ್ವಜನಿಕರದ್ದು, ಹೆಂಚು ಸರ್ಕಾರದ್ದು. ಅಲ್ಲದೆ ಹೆಂಚಿನ ಮೇಲೆ ಅತ್ತೆಯ ಹೆಸರು ಕೆತ್ತಿಸಿದರೆ ಓದುವವರು ಯಾರು, ಕಾಗೆಗಳೇ?

ಹಾಗಂತ ಈ ಬಡಾವಣೆಗೆ ವಿದ್ಯೆಯ ಮೇಲೆ ಪ್ರೀತಿಯಿಲ್ಲ ಎನ್ನಬೇಡಿ. ಎರಡು ಕ್ರಾಸ್ ಆಚೆ ಮೂರು ಸೈಟು ಸೇರಿಸಿ ಕಟ್ಟಿದ ‘ಇಂಟರ್‌ನ್ಯಾಷನಲ್’ ಶಾಲೆಯೊಂದಿದೆ. ಅದರ ಅಂತರರಾಷ್ಟ್ರೀಯತೆ ನಮ್ಮ ಮೇನ್ ರೋಡಿನಿಂದ ಶುರುವಾಗಿ ಕೆಇಬಿ ಟ್ರಾನ್ಸ್‌ಫಾರ್ಮರ್‌ವರೆಗೆ ಹಬ್ಬಿದೆ. ಬ್ರೋಷರ್‌ನಲ್ಲಿ ವಿಶಾಲ ಆಟದ ಮೈದಾನ ಎಂದಿರುವುದು ಟೆರೇಸಿನ ಮೇಲಿನ ಪ್ಲಾಸ್ಟಿಕ್ ಹುಲ್ಲು. ಸ್ಪೋರ್ಟ್ಸ್ ಡೇ ಬಂದಾಗ ಮಾತ್ರ ಇಡೀ ಶಾಲೆ ಸಾಲಾಗಿ ಸರ್ಕಾರಿ ಮೈದಾನಕ್ಕೆ ಬರುತ್ತದೆ, ಶಾಮಿಯಾನ ಏಳುತ್ತದೆ, ಮೈಕು ಕಿವಿಗಡಚಿಕ್ಕುತ್ತದೆ. ಅಂದು ವಾಯುವಿಹಾರಿಗಳಿಗೆ ಎಳ್ಳಷ್ಟೂ ತೊಂದರೆಯಿಲ್ಲ. ಓಡುತ್ತಿರುವುದು ಮೊಮ್ಮಗ.

ಆ ಶಾಲೆಯ ಫೀಸು ನಾನು ಹೇಳುವುದಿಲ್ಲ, ಹೇಳಿದರೆ ಫೀಸು ಕಟ್ಟಿದವರಿಗೆ ಹೆಮ್ಮೆಯಾಗುತ್ತದೆ. ಅಲ್ಲಿ ಹೊಸದಾಗಿ ಬಂದಿರುವ ಪದ್ಧತಿಯ ಬಗ್ಗೆ ಪಕ್ಕದ ಮನೆಯವರು ನನಗೆ ವಿವರಿಸಿದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ, ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಜೋಡಿಸುತ್ತಾ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರಂತೆ. ಫಾರಿನ್‌ನಲ್ಲೆಲ್ಲ ಹೀಗೇ ಅಂತೆ. ನಾನು ಹ್ಞೂಂಗುಟ್ಟಿದೆ. 1995ರಲ್ಲಿ ಎಚ್.ಡಿ. ಕೋಟೆಯ ಹಳ್ಳಿ ಶಾಲೆಗಳಲ್ಲಿ ನಲಿ–ಕಲಿ ಎಂದು ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ್ದು ಇದೇ. ನಮ್ಮ ಸರ್ಕಾರಿ ಶಾಲೆಯ ಗೋಡೆಗೆ ಅದರ ಕಲಿಕಾ ಏಣಿ ಇವತ್ತಿಗೂ ಅಂಟಿಸಿದ್ದಾರೆ. ಆದರೆ ಅಲ್ಲಿ ಅದು ‘ಮೂರು ಕ್ಲಾಸಿಗೆ ಒಬ್ಬರೇ ಟೀಚರು, ಥೂ’. ಇಲ್ಲಿ ಎರಡು ಕಂತಿನಲ್ಲಿ ಕಟ್ಟಬಹುದು.

ಬೆಳಿಗ್ಗೆ ಎಂಟೂವರೆಗೆ ಆ ಕ್ರಾಸಿನಲ್ಲಿ ನಿಂತು ನೋಡಬೇಕು. ಮಗು ಮನೆಯಿಂದ ಶಾಲೆಗೆ ಕೂಗಿದರೆ ಕೇಳುವಷ್ಟು ದೂರ, ಆದರೂ ಕಾರು. ಕಾರು ತಿರುಗಿಸಲು ಜಾಗವಿಲ್ಲ, ರ‍್ಯಾಂಪುಗಳಿವೆಯಲ್ಲ. ಹಿಂದೆ ಒಂದು ವ್ಯಾನು, ವ್ಯಾನಿನ ಹಿಂದೆ ಹದಿನಾಲ್ಕು ತಲೆ ತುಂಬಿದ ಆಟೊ, ಅದರ ಹಿಂದೆ ಹಾಲಿನವನು. ಬ್ಯಾಗಿನ ತೂಕ ಮಗುವಿನ ತೂಕದ ಶೇ 10 ಮೀರಬಾರದು, ಒಂದು–ಎರಡನೇ ಕ್ಲಾಸಿಗೆ 2 ಕೆ.ಜಿ.ಗಿಂತ ಹೆಚ್ಚಿರಬಾರದು ಎಂದು 2019ರಲ್ಲಿ ಸರ್ಕಾರ ಆದೇಶ ಹೊರಡಿಸಿತ್ತು. ನಮ್ಮಲ್ಲಿ ಅದರ ಪಾಲನೆ ಕಟ್ಟುನಿಟ್ಟು. ಬ್ಯಾಗು ಹೊರುವುದು ತಾತ. ತಾತನ ತೂಕ ಎಪ್ಪತ್ತು ಕೆ.ಜಿ., ಬ್ಯಾಗು ಏಳು. ಶೇ 10 ಸರಿಹೋಯಿತು.

ಮಳೆಗಾಲದಲ್ಲಿ ಇನ್ನೊಂದು ಆಟ. ರಾತ್ರಿ ಒಂಬತ್ತರ ಮೇಲೆ ಇಡೀ ಬಡಾವಣೆ ಡಿಸಿ ಸಾಹೇಬರ ಧ್ಯಾನದಲ್ಲಿ ಕೂರುತ್ತದೆ. ಹೊಸನಗರಕ್ಕೆ ರಜೆ, ತೀರ್ಥಹಳ್ಳಿಗೆ ರಜೆ, ಸಾಗರಕ್ಕೆ ರಜೆ, ನಮಗೆ ಯಾಕಿಲ್ಲ? ಆಗುಂಬೆಯ ಮಳೆಯಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಮಗುವಿನ ಮೇಲೆ ನಮಗೆ ಅಸೂಯೆ! ಯಾರೋ ಹೋದ ವರ್ಷದ ಆದೇಶದ ತಾರೀಕು ತಿದ್ದಿ ಹರಿಬಿಡುತ್ತಾರೆ. ಯೂನಿಫಾರ್ಮ್ ಇಸ್ತ್ರಿ ನಿಲ್ಲುತ್ತದೆ, ಬೆಳಿಗ್ಗೆ ಏಳಕ್ಕೆ ಸುಳ್ಳು ಎಂದು ತಿಳಿದು ಮತ್ತೆ ಇಸ್ತ್ರಿ ಬಿಸಿಯಾಗುತ್ತದೆ, ಮಗು ಅಳುತ್ತದೆ, ಅಪ್ಪ ಜಿಲ್ಲಾಡಳಿತವನ್ನು ಬಯ್ಯುತ್ತಾನೆ. ಸೋರುವ ಕೊಠಡಿಯ ಮಕ್ಕಳು ಮಾತ್ರ ರಜೆ ಬೇಡಿದ್ದನ್ನು ನಾನು ಕೇಳಿಲ್ಲ. ರಜೆ ಎಂದರೆ ಅಂದಿನ ಬಿಸಿಯೂಟವಿಲ್ಲ, ಮೊಟ್ಟೆಯೂ ಇಲ್ಲ.

ಇನ್ನು ಆರು ವರ್ಷದ ಗಲಾಟೆ. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಆರು ತುಂಬಿರಬೇಕು ಎಂದು 2022ರಲ್ಲೇ ಹೇಳಿದ್ದರು. ಎಲ್ಲರೂ ಮುಸುಕೆಳೆದು ಮಲಗಿದ್ದು, 2025ರಲ್ಲಿ ಜಾರಿಗೆ ಬರುವ ಹೊತ್ತಿಗೆ ಎದ್ದು ಬೊಬ್ಬೆ ಹಾಕಿದರು. ಕೊನೆಗೆ ನಮ್ಮ ಜಿಲ್ಲೆಯವರೇ ಆದ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕೆಂದು ಸಡಿಲಿಸಿದರು. ನಮ್ಮ ಬಡಾವಣೆಯ ವಾದ ಒಂದೇ ಆಗಿತ್ತು: ಒಂದು ವರ್ಷ ಹಾಳಾಗುತ್ತದೆ. ಹಾಳು ಎಂದರೆ, ಮಗು ಆಡಿಬಿಡುತ್ತದೆ. ಹೀಗೆ ವಾದಿಸಿದ ಬಾಯಿಗಳೇ ಈಗ ಮನವಿ ಓದಿದ್ದು. ಪುಸ್ತಕ ಹಿಡಿಯಲು ಆರು ತುಂಬಬೇಕೆಂದರೆ ಸಿಟ್ಟು, ಮೈದಾನಕ್ಕಿಳಿಯಲು ಮಾತ್ರ ಅರವತ್ತು ತುಂಬಿರಬೇಕು.

ಹೊತ್ತಿಗೆ ಮುಂಚೆ ಬರುವ ಮಕ್ಕಳು ಎಂದಿದ್ದಾರಲ್ಲ ಮನವಿಯಲ್ಲಿ. ಶಾಲೆ ಶುರುವಾಗುವ ಎರಡು ಗಂಟೆ ಮೊದಲೇ ಆ ಮಕ್ಕಳು ಯಾಕೆ ಬರುತ್ತಾರೆ ಎಂದು ಸಹಿ ಹಾಕಿದವರಲ್ಲಿ ಒಬ್ಬರೂ ಕೇಳಲಿಲ್ಲವೇ? ಅವರ ಮನೆಯಲ್ಲೇ ಉತ್ತರವಿದೆ. ಸಿಂಕಿನ ಮುಂದೆ ನಿಂತಿದೆ. ಪಾತ್ರೆ ತೊಳೆಯಲು ಎಂಟಕ್ಕೆ ಸರಿಯಾಗಿ ಬಾ, ಲೇಟಾದರೆ ನಮಗೆ ತಿಂಡಿಗೆ ತೊಂದರೆ ಎಂದು ತಾಕೀತು ಮಾಡಿದವರು ನೀವು. ಆ ಹೆಂಗಸು ಏಳೂಮುಕ್ಕಾಲಿಗೆ ಮಗಳನ್ನು ಶಾಲೆಯ ಜಗಲಿಯಲ್ಲಿ ಬಿಟ್ಟು, ಎಲ್ಲೂ ಹೋಗಬೇಡ ಎಂದು ಹೇಳಿ, ನಿಮ್ಮ ಮನೆಗೆ ಓಡಿ ಬರುತ್ತಾಳೆ. ಏಳು ವರ್ಷದ ಹುಡುಗಿ ಎರಡು ತಾಸು ಜಗಲಿಯಲ್ಲಿ ಕೈಕಟ್ಟಿ ಕೂರಬೇಕಿತ್ತೇ? ಓಡುತ್ತಾಳೆ. ನಿಮ್ಮ ಎಂಟನೇ ಸುತ್ತಿಗೆ ಅಡ್ಡ ಬರುತ್ತಾಳೆ.

ಆ ತಾಯಿ ಇಂಟರ್‌ನ್ಯಾಷನಲ್ ಶಾಲೆಯ ಬಾಗಿಲಿಗೂ ಹೋಗಿದ್ದಳು. 2009ರ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಯಲ್ಲಿ ಬಡಮಕ್ಕಳಿಗೆ ಶೇ 25 ಸೀಟು ಇದೆ ಎಂದು ನಿಮ್ಮಲ್ಲೇ ಯಾರೋ ಪುಣ್ಯಾತ್ಮರು ಹೇಳಿದ್ದರಂತೆ. 2019ರಿಂದ ನಮ್ಮ ರಾಜ್ಯದ ನಿಯಮ ಬದಲಾಗಿದೆ, ನೆರೆಹೊರೆಯಲ್ಲಿ ಸರ್ಕಾರಿ ಶಾಲೆಯಿದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ ಎಂದು ಕೌಂಟರಿನಲ್ಲಿ ತಿಳಿಹೇಳಿ ಕಳಿಸಿದರು. ಪಕ್ಕದಲ್ಲೇ ನಿನಗೊಂದು ಶಾಲೆಯಿದೆಯಲ್ಲಮ್ಮ ಎನ್ನುತ್ತದೆ ನಿಯಮ. ಅದು ನಮ್ಮ ಟ್ರ್ಯಾಕು ಎನ್ನುತ್ತದೆ ಬಡಾವಣೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಾಚಿಕೆಯಾಗಬೇಕು. ಈ ಸಹಿಗಳಲ್ಲಿ ಮುಕ್ಕಾಲು ಪಾಲು ಸರ್ಕಾರಿ ಶಾಲೆಯಲ್ಲೇ ಓದಿ, ಸರ್ಕಾರಿ ಕೆಲಸ ಮಾಡಿ, ಈಗ ಸರ್ಕಾರಿ ಪೆನ್ಶನ್ ತಿನ್ನುತ್ತಿರುವವರದ್ದು. ಗುರುವಂದನೆಯ ವೇದಿಕೆಯಲ್ಲಿ ಕಣ್ಣೊರೆಸಿಕೊಂಡವರೂ ಇವರೇ.

ಪಾಲಿಕೆ ಏನು ಮಾಡುತ್ತದೆಂದು ಕೇಳಿದಿರಾ? ಟ್ರ್ಯಾಕು ಆಗುತ್ತದೆ ಬಿಡಿ. ಓಟಿನ ಚೀಟಿ ಅಜ್ಜಂದಿರ ಹತ್ತಿರ ಇದೆ, ಏಳು ವರ್ಷದ ಹುಡುಗಿಯ ಹತ್ತಿರ ಇಲ್ಲ. ಆದರೆ ಸಂಘದ ಅಧ್ಯಕ್ಷರಿಗೆ ನನ್ನದೊಂದು ಸಲಹೆ. ಇಷ್ಟೆಲ್ಲ ಅವಸರ ಬೇಕಿರಲಿಲ್ಲ. ಒಂದನೇ ಕ್ಲಾಸಿಗೆ ಸೇರುವವರು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದಾರೆ, ಮಳೆಗೆ ಎರಡು ಕೊಠಡಿ ತಾವಾಗಿಯೇ ಕುಳಿತುಕೊಳ್ಳುತ್ತವೆ, ಇಲಾಖೆಯವರು ಬಂದು ಎಣಿಸಿ ಉಳಿದ ಮಕ್ಕಳನ್ನು ದೂರದ ಇನ್ನೊಂದು ಶಾಲೆಗೆ ವಿಲೀನ ಮಾಡುತ್ತಾರೆ. ಆಮೇಲೆ ಒಂಬತ್ತೂವರೆಯ ಮಿತಿ ಯಾಕೆ, ದಿನವಿಡೀ ಸುತ್ತಬಹುದು. ಪಾತ್ರೆಯವಳು ಒಂಬತ್ತಕ್ಕೆ ಬಂದರೆ ಮಾತ್ರ ಸ್ವಲ್ಪ ಸುಧಾರಿಸಿಕೊಳ್ಳಿ, ಅವಳು ಮಗಳನ್ನು ಬಸ್ಸು ಹತ್ತಿಸಿ ಬರಬೇಕಾಗುತ್ತದೆ.